ಹನ್ನೊಂದು ಪಾಯಿಂಟ್ ಎರಡು

ಆ ಮನುಷ್ಯನ ಮೇಲೆ ನಾನು ಸೇಡು ತೀರಿಸಿಕೊಳ್ಳಬೇಕಿತ್ತು. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ, ಹಳೆಯ ಕಂಪ್ಯೂಟರಿನ ಬೆನ್ನಿಗಿರುವ ಒಂಬತ್ತು ಸೂಜಿಗಳ ಕಿಂಡಿಯೊಂದಕ್ಕಾಗಿ ನಡುವಯಸ್ಸಿನ ಹೆಂಗಸು ಒಂದು ವಾರ ಊಟದ ಹೊತ್ತು ಬಿಟ್ಟು ಕೂತದ್ದು ವಿದ್ಯೆಯ ಹಂಬಲದಿಂದ ಎಂದು ಯಾರಾದರೂ ತಿಳಿದುಕೊಂಡಾರು. ಹಂಬಲ ಇತ್ತು ನಿಜ. ಅದು ಬೇರೆ ಹಂಬಲ.

ನಾನು ಕಮಲಾಪುರದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್. ಮನೆ ಕಲಬುರಗಿಯಲ್ಲಿ. ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಯ ಮಾಡಿ, ಎರಡು ಡಬ್ಬಿ ಕಟ್ಟಿ, ಒಂದನ್ನು ಗಂಡನಿಗೆ ಬಿಟ್ಟು ಇನ್ನೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತುತ್ತೇನೆ. ಲ್ಯಾಬ್ ಎಂದರೆ ಎರಡು ಕೋಣೆ. ಮುಂದೆ ಬೆಂಚು, ಹಿಂದೆ ಮಷೀನು. ನಾನು ಮತ್ತು ಕಸ ಗುಡಿಸುವ ಆಯಾ, ಇಬ್ಬರೇ. ಮುಖ್ಯ ಲ್ಯಾಬು ಕಲಬುರಗಿಯ ಜಗತ್ ಸರ್ಕಲ್ಲಿನ ಹತ್ತಿರ. ಅಲ್ಲಿ ಡಾಕ್ಟರ್ ಮೇಡಂ ಕೂಡುತ್ತಾರೆ. ವರದಿ ಟೈಪ್ ಮಾಡುವ ಆ ಮನುಷ್ಯನೂ ಅಲ್ಲಿಯೇ ಕೂಡುತ್ತಾನೆ.

ನಾನು ಹೇಳುತ್ತಿರುವುದು ಕೆಲವು ವರ್ಷಗಳ ಹಿಂದಿನ ಮಾತು. ಆಗ ನಮ್ಮ ಕೆಲಸದ ರೀತಿ ಹೀಗಿತ್ತು: ಮಷೀನು ರಕ್ತದ ಅಂಕಿಗಳನ್ನು ಪರದೆಯ ಮೇಲೆ ತೋರಿಸುತ್ತದೆ. ನಾನು ಅವನ್ನು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಪುಟದ ಕೆಳಗೆ ಕಾರ್ಬನ್ ಇರುತ್ತದೆ. ಮಧ್ಯಾಹ್ನ ಕಾರ್ಬನ್ ಪ್ರತಿಯನ್ನು ಹರಿದು, ಲಕೋಟೆಗೆ ಹಾಕಿ, ಕಲಬುರಗಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಮೊಬೈಲಿನಲ್ಲಿ ಫೋಟೋ ಕಳಿಸುವಂತಿರಲಿಲ್ಲ. ಹಿಂದೊಮ್ಮೆ ಒಬ್ಬರ ವರದಿ ಇನ್ನೊಬ್ಬರ ಫೋನಿಗೆ ಹೋಗಿ ಗೊತ್ತಾಗಿದ್ದ ಲಗ್ನವೇ ಮುರಿದಿತ್ತು, ಅಂದಿನಿಂದ ಮೇಡಂ ಬಂದ್ ಮಾಡಿಸಿದ್ದರು. ನನ್ನ ಚೀಟಿ ನೋಡಿ ಅವನು ಲೆಟರ್‌ಹೆಡ್ಡಿನ ಮೇಲೆ ವರದಿ ತೆಗೆಯುತ್ತಿದ್ದ. ಆ ಲೆಟರ್‌ಹೆಡ್ಡುಗಳಿಗೆ ಪ್ರತಿ ಶನಿವಾರ ನಾನು ಮುಂಚಿತವಾಗಿಯೇ ಸಹಿ ಹಾಕಿ ಕೊಡುತ್ತಿದ್ದೆ. ಖಾಲಿ ಹಾಳೆಗೆ ಸಹಿ, ಒಂದು ಕಟ್ಟು. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಆದರೆ ಹತ್ತೊಂಬತ್ತು ವರ್ಷ ಹಾಗೇ ನಡೆದಿತ್ತು, ನಮ್ಮಲ್ಲಿ ಯಾರಿಗೂ ಅದು ತಪ್ಪೆಂದು ಅನಿಸಿರಲಿಲ್ಲ.

ಒಂದು ದಿನ ಊರಂಚಿನ ಓಣಿಯ ಅತ್ತೆಯೊಬ್ಬಳು ಏಳು ತಿಂಗಳ ಬಸುರಿ ಸೊಸೆಯನ್ನು ಕರೆದುಕೊಂಡು ಬಂದಳು. ರಕ್ತ ತೆಗೆದೆ. ಹಿಮೋಗ್ಲೋಬಿನ್ ಹನ್ನೊಂದು ಪಾಯಿಂಟ್ ಎರಡು. ಬಸುರಿಗೆ ಚಲೋ ಅಂಕಿ. ಬರೆದೆ, ಕಳಿಸಿದೆ. ಅವಳ ಗಂಡನಿಗೆ ಕಲಬುರಗಿಯಲ್ಲಿ ಕೆಲಸ. ಅವನು ಸಂಜೆ ಅಲ್ಲೇ ವರದಿ ಇಸಿದುಕೊಂಡ. ಅದರಲ್ಲಿ ಏಳು ಪಾಯಿಂಟ್ ಎರಡು ಎಂದಿತ್ತು. ರಕ್ತ ಏರಿಸಲೇಬೇಕಾದ ಅಂಕಿ ಅದು. ಮರುದಿನ ಬೆಳಿಗ್ಗೆ ಮನೆಮಂದಿಯೆಲ್ಲ ಜೀಪು ಮಾಡಿಕೊಂಡು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಓಡಿದರು. ಇಬ್ಬರು ಮೈದುನರು ರಕ್ತ ಕೊಡಲು ಸಾಲಿನಲ್ಲಿ ನಿಂತರು. ಅಲ್ಲಿನ ಡಾಕ್ಟರು ಏರಿಸುವ ಮೊದಲು ಇನ್ನೊಮ್ಮೆ ನೋಡೋಣವೆಂದು ಪರೀಕ್ಷೆ ಮಾಡಿಸಿದರೆ ಹನ್ನೊಂದು ಬಂತು.

ಮೂರನೆಯ ದಿನ ಅತ್ತೆ ನಮ್ಮ ಲ್ಯಾಬಿಗೆ ಬಂದಳು. ಸಂತೆಯ ದಿನ, ಬೆಂಚು ತುಂಬಿತ್ತು.

"ಯವ್ವಾ, ಸೂಜಿ ಹಿಡಿಯೋ ಕೈಗಿ ಬರಿಲಾಕ ಬರಂಗಿಲ್ಲೇನು? ಸೊಸಿ ಸತ್ತೇ ಹೋಗ್ತಾಳ ಅಂತ ಕಣದಾಗಿನ ತೊಗರಿ ಕಣದಾಗೇ ಬಿಟ್ಟು ಓಡೀವಿ. ಎರಡು ದಿನ ಮನ್ಯಾಗ ಒಲಿ ಹಚ್ಚಿಲ್ಲ. ಇಲ್ಲಿ ನೋಡು, ಈ ಸಹಿ ಯಾರ್ದು? ನಿಂದು ಹೌದೋ ಅಲ್ಲೋ, ಹೇಳು!"

ವರದಿಯನ್ನು ನನ್ನ ಮೇಜಿನ ಮೇಲೆ ಎಸೆದಳು. ಸಹಿ ನನ್ನದೇ. ಬೆಂಚಿನ ಮೇಲಿದ್ದವರಲ್ಲಿ ಇಬ್ಬರು ಮೆಲ್ಲಗೆ ಎದ್ದು ಹೋದರು.

ಕಲಬುರಗಿಗೆ ಫೋನ್ ಹಚ್ಚಿದೆ. ಅವನೇ ಎತ್ತಿದ.

"ಅಲ್ಲಿಂದ ಏನ್ ಬರ್ತದೋ ಇಲ್ಲಿ ನಾ ಅದೇ ಹೊಡೀತೀನ್ರಿ ಅಕ್ಕೋರೆ. ಚೀಟಿದಾಗ ಏಳು ಪಾಯಿಂಟ್ ಎರಡೇ ಇತ್ತು."

"ಆ ಚೀಟಿ ತೆಗೆದು ನೋಡ್ರಿ."

"ಚೀಟಿ ಜ್ವಾಪಾನ ಮಾಡಿ ಇಡ್ಲಾಕ ಇದೇನು ತಹಶೀಲ್ ಆಫೀಸ್ ಏನ್ರೀ? ಕಸದಾಗ ಹೋಗ್ಯಾದ."

ಮರುದಿನ ರಿಜಿಸ್ಟರ್ ಹಿಡಿದುಕೊಂಡು ಜಗತ್ ಸರ್ಕಲ್ಲಿನ ಮುಖ್ಯ ಲ್ಯಾಬಿಗೆ ಹೋದೆ. ಮೇಡಂ ಪುಟ ತೆಗೆದು ನೋಡಿದರು. ಬಸುರಿಯ ಸಾಲಿನ ಅಂಕಿಗಳ ಮೇಲೆ ಎರಡನೆಯ ಸಲ ಪೆನ್ನು ಆಡಿತ್ತು. ಅಂದು ಚೀಟಿ ಹರಿದು ಕಳಿಸಿದ ಮೇಲೆ, ಹತ್ತಿಯ ಉಂಡೆಯಿಂದ ಸ್ಪಿರಿಟ್ ಸೋರಿ ಶಾಯಿ ಹರಡಿತ್ತು. ಅಂಕಿ ಕಾಣದೆ ಹೋದಾವೆಂದು ನಾನೇ ಅವನ್ನು ತಿದ್ದಿ ದಪ್ಪ ಮಾಡಿದ್ದೆ. ಅದನ್ನೇ ಹೇಳಿದೆ.

ಅವನು ಕೌಂಟರಿನಿಂದ ನಕ್ಕ. "ಸ್ಪಿರಿಟ್ ಬರೋಬರಿ ಅದೇ ಸಾಲಿನ ಮ್ಯಾಲೇ ಬಿತ್ತು ನೋಡ್ರಿ ಮೇಡಂ. ಭಾಳ ಶಾಣ್ಯಾ ಸ್ಪಿರಿಟ್ ಅದಾ." ಸಾಲಿನಲ್ಲಿ ಕೂತ ರೋಗಿಗಳೂ ನಕ್ಕರು. ಜ್ವರದಿಂದ ನಡುಗುತ್ತಿದ್ದವನೊಬ್ಬ ಕೂಡ ನಕ್ಕ.

ಮೇಡಂ ನಗಲಿಲ್ಲ. "ಸ್ವಲ್ಪ ದಿನ ನೀವು ಸಹಿ ಮಾಡೋದು ಬ್ಯಾಡ," ಎಂದರು. "ರಕ್ತ ತೆಗೀರಿ, ಮಷೀನ್ ನಡಸ್ರಿ, ಸ್ಯಾಂಪಲ್ ಇಲ್ಲಿಗೂ ಕಳಸ್ರಿ. ನಾವು ಮತ್ತೊಮ್ಮೆ ನೋಡಿ ಕೊಡ್ತೀವಿ." ನಾನು ಸಹಿ ಹಾಕಿಟ್ಟಿದ್ದ ಲೆಟರ್‌ಹೆಡ್ಡುಗಳನ್ನು ಅವನು ನನ್ನ ಕಣ್ಣೆದುರಿಗೇ ಹರಿದ. ಒಂದೊಂದಾಗಿ ಹರಿದ.

ನನ್ನದು ಹಳೆಯ ತೊಗರಿಬೇಳೆಯ ಸ್ವಭಾವ. ಕುದಿ ಬರಲು ಹೊತ್ತು ಬೇಕು, ಬಂದರೆ ಬೇಗ ಆರುವುದಿಲ್ಲ. ಬಸ್ಸಿನಲ್ಲಿ ಕಿಟಕಿಗೆ ತಲೆ ಹಚ್ಚಿ ಅವನಿಗೆ ಏನೇನಾಗಬೇಕೆಂದು ಯೋಚಿಸುತ್ತಿದ್ದೆ. ಅವನಿಗೆ ಜ್ವರ ಬರಬೇಕು. ಹೊಸದಾಗಿ ಕಲಿಯುವ ಹುಡುಗಿ ರಕ್ತ ತೆಗೆಯಬೇಕು. ಎರಡೂ ತೋಳಿನಲ್ಲಿ ನರ ಸಿಗಬಾರದು. ಅವಳು ಏಳು ಸಲ ಚುಚ್ಚಬೇಕು. ನಾನು ಪಕ್ಕದಲ್ಲೇ ನಿಂತು, "ನಿಧಾನ ತಂಗಿ, ಅವಸರ ಇಲ್ಲ," ಎನ್ನಬೇಕು.

ಮನೆಯಲ್ಲಿ ರಿಜಿಸ್ಟರ್ ಮತ್ತು ಆ ವರದಿಯನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನಡೆದದ್ದೇನೆಂದು ತಿಳಿಯಿತು. ಬಸುರಿಯದು ಅಂದಿನ ಐದನೆಯ ನಂಬರು. ನಾಲ್ಕನೆಯದು ಒಬ್ಬ ಮುದುಕನದು. ಅವನ ಹಿಮೋಗ್ಲೋಬಿನ್ ಏಳು ಪಾಯಿಂಟ್ ಎರಡು. ವರದಿಯ ನಡುವಿನ ಮೂರು ಸಾಲುಗಳು ಮುದುಕನವು, ಉಳಿದವೆಲ್ಲ ಬಸುರಿಯವು. ಅವನು ಎಂದೂ ಹೊಸ ವರದಿ ತೆರೆಯುತ್ತಿರಲಿಲ್ಲ. ಹಿಂದಿನವರ ವರದಿಯನ್ನೇ ತೆರೆದು, ಹೆಸರು ಬದಲಿಸಿ, ಅಂಕಿಗಳ ಮೇಲೆ ಅಂಕಿ ಹೊಡೆಯುತ್ತಿದ್ದ. ಅಂದು ಮೂರು ಸಾಲು ಬದಲಿಸುವುದನ್ನು ಮರೆತಿದ್ದ. ಆದರೆ ಇದನ್ನು ಹೇಳಿದರೆ, ಚೀಟಿಯಲ್ಲೇ ಮುದುಕನ ಸಾಲು ನೀವು ತಪ್ಪಿ ಬರೆದಿದ್ದಿರಿ, ಆಮೇಲೆ ರಿಜಿಸ್ಟರ್ ತಿದ್ದಿದಿರಿ ಎನ್ನುತ್ತಾನೆ. ತಿದ್ದಿದ ಅಂಕಿ ಯಾರ ಮಾತನ್ನು ನಂಬಿಸೀತು?

ಮಷೀನನ್ನು ಕೇಳಬೇಕು. ಮಷೀನಿನ ಜೊತೆ ಬಂದ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಕಪಾಟಿನಲ್ಲೇ ಇತ್ತು. ಹುಡುಕಿ ಓದುವಷ್ಟರಲ್ಲಿ ಬಸುರಿಯ ರಕ್ತ ತೆಗೆದು ಹನ್ನೆರಡು ದಿನ ಕಳೆದಿದ್ದವು. ಪರದೆ ಕೊನೆಯ ಅಂಕಿಯನ್ನಷ್ಟೇ ತೋರಿಸುತ್ತದೆ, ಆದರೆ ಹಿಂದಿನ ಐನೂರು ಜನರ ಅಂಕಿಗಳು ಮಷೀನಿನ ಹೊಟ್ಟೆಯಲ್ಲಿ ಇರುತ್ತವೆ. ಐನೂರೊಂದನೆಯವರು ಬಂದರೆ ಎಲ್ಲಕ್ಕಿಂತ ಹಳಬರು ಅಳಿಸಿಹೋಗುತ್ತಾರೆ. ಹಳೆಯವನ್ನು ಹೊರಗೆ ತೆಗೆಯಲು ಇರುವುದು ಒಂದೇ ದಾರಿ: ಹಿಂಭಾಗದ ವೈರಿನಿಂದ ಕಂಪ್ಯೂಟರಿಗೆ ಕಳಿಸುವುದು.

ರಿಜಿಸ್ಟರ್ ಎಣಿಸಿದೆ. ಬಸುರಿಯ ನಂತರ ಮುನ್ನೂರಾ ಹತ್ತು ಜನ ಆಗಿದ್ದರು. ಇನ್ನು ನೂರಾ ಎಂಬತ್ತೊಂಬತ್ತು ಜನರಾದ ಮೇಲೆ ಬರುವವರು ಅವಳನ್ನು ಹೊರಗೆ ದೂಡುತ್ತಾರೆ. ಅಂದರೆ ಹೆಚ್ಚೆಂದರೆ ಒಂದು ವಾರ.

ಆಯಾ ನನ್ನ ಲೆಕ್ಕ ಕೇಳಿ ಕೂಡಲೇ ಉಪಾಯ ಹೇಳಿದಳು. "ಮಷೀನ್ ಕೆಟ್ಟಾದ ಅಂತ ಬೋರ್ಡ್ ಹಾಕಿಬಿಡ್ರಿ ಅಕ್ಕೋರೆ. ಯಾರು ನೋಡ್ಲಾಕ ಬರ್ತಾರ?"

ಬೋರ್ಡಿನ ರಟ್ಟನ್ನು ಕೈಗೂ ತೆಗೆದುಕೊಂಡೆ. ಅಷ್ಟರಲ್ಲಿ ನಾಲ್ಕು ದಿನದ ಜ್ವರದ ಒಬ್ಬ ಹೆಣ್ಣುಮಗಳು ಬಂದು ಬೆಂಚಿನ ಮೇಲೆ ಒರಗಿದಳು. ರಟ್ಟು ಒಳಗಿಟ್ಟೆ. ಅವಳ ರಕ್ತ ಹಾಕಿದೆ. ನೂರಾ ಎಂಬತ್ತೆಂಟು.

ನಮ್ಮ ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ ಆಗಲೂ ವಿಂಡೋಸ್ ತೊಂಬತ್ತೆಂಟೇ ಇತ್ತು. ನಳಿಕೆಗಳಿಗೆ ಅಂಟಿಸುವ ಚೀಟಿ ಮುದ್ರಿಸಲಷ್ಟೇ ಅದನ್ನು ಹಚ್ಚುತ್ತಿದ್ದೆವು. ಮಷೀನಿನ ಅಂಕಿ ಹಿಡಿದುಕೊಳ್ಳುವ ಸಾಫ್ಟ್‌ವೇರೂ ಅದರಲ್ಲಿತ್ತು. ಬಹಳ ಹಿಂದೆ ಕೆಲಸ ಮಾಡುತ್ತಿತ್ತು, ಒಂದು ದಿನ ನಿಂತಿತು. ನಿಂತದ್ದೇಕೆ ಎಂದು ಯಾರೂ ಕೇಳದೆ ಕಾರ್ಬನ್ ತಂದಿದ್ದರು. ಈಗ ತೆರೆದರೆ, ಸೀರಿಯಲ್ ಪೋರ್ಟ್ ಸಿಗುತ್ತಿಲ್ಲ ಎಂದಿತು, ಅಂದರೆ ಮಷೀನಿನ ವೈರು ಸಿಕ್ಕಿಸುವ ಆ ಒಂಬತ್ತು ಸೂಜಿಗಳ ಕಿಂಡಿ. ಮಷೀನ್ ಮಾರಿದವರಿಗೆ ಫೋನ್ ಮಾಡಿದೆ. "ಅದು ಇನ್ನೂ ಜೀವಂತ ಅದಾ ಏನ್ರೀ?" ಎಂದು ಕೇಳಿ ಇಟ್ಟುಬಿಟ್ಟರು.

ಮೊದಲ ಎರಡು ದಿನ ಕಂಪ್ಯೂಟರಿನ ಒಳಗಿನ ಸಾಮಾನುಗಳ ಪಟ್ಟಿ ತೆಗೆದು ಓದುವುದರಲ್ಲೇ ಹೋಯಿತು. ಸಂತೆಯ ಅಕ್ಕಿ ಆರಿಸುವ ಹಾಗೆ ಒಂದೊಂದೇ ಸಾಲು. ಸೀರಿಯಲ್ ಪೋರ್ಟಿನ ಮುಂದೆ ಹಳದಿ ಗುರುತು ಇತ್ತು. ಅದರ ಮೇಲೆ ಒತ್ತಿದರೆ, ಇನ್ನೊಂದು ಸಾಮಾನಿನೊಡನೆ ಜಗಳ ಎಂಬ ಅರ್ಥದ ಮಾತು. ಆ ಇನ್ನೊಂದು ಎಂದರೆ, ಫೋನಿನ ತಂತಿಯಿಂದ ಇಂಟರ್‌ನೆಟ್ ತರುತ್ತಿದ್ದ ಕಾಲದ ಮೋಡೆಮ್ ಕಾರ್ಡು. ಇಬ್ಬರೂ ಒಂದೇ ಬಾಗಿಲಿನ ಕರೆಗಂಟೆಗೆ ಜೋತುಬಿದ್ದಿದ್ದರು. ನಮ್ಮ ಕೋಣೆಯಲ್ಲಿ ಫೋನಿನ ತಂತಿ ಹೋಗಿಯೇ ಎಷ್ಟೋ ವರ್ಷವಾಗಿತ್ತು. ಈ ಕಾರ್ಡು ಮಾತ್ರ ಉಪಯೋಗಕ್ಕೆ ಬಾರದೆ, ಉಪಯೋಗಕ್ಕೆ ಬರುವವರಿಗೂ ಜಾಗ ಬಿಡದೆ ಕೂತಿತ್ತು. ಅದರ ಮುಖದಲ್ಲಿ ನನಗೆ ಯಾರ ಮುಖ ಕಂಡಿತೆಂದು ಹೇಳಬೇಕಾಗಿಲ್ಲ. ಪ್ಲಗ್ ಕಿತ್ತು, ಡಬ್ಬಿ ಬಿಚ್ಚಿ, ಒಂದು ಸ್ಕ್ರೂ ತೆಗೆದು ಅದನ್ನು ಎಳೆದು ಹಾಕಿದೆ. ಮತ್ತೆ ಹಚ್ಚಿದಾಗ ಹಳದಿ ಗುರುತು ಇರಲಿಲ್ಲ.

ಪೋರ್ಟು ನಿಜವಾಗಿ ಬದುಕಿದೆಯೋ ಎಂದು ನೋಡಲು ಒಂದು ಪರೀಕ್ಷೆ ಇದೆ. ಎರಡನೆಯ ಮತ್ತು ಮೂರನೆಯ ಸೂಜಿಗಳನ್ನು ಲೋಹದಿಂದ ಜೋಡಿಸಿಬಿಟ್ಟರೆ, ಕಂಪ್ಯೂಟರು ಆಡಿದ್ದು ಅದರ ಕಿವಿಗೇ ತಿರುಗಿ ಬರುತ್ತದೆ. ತಲೆಯಿಂದ ಪಿನ್ನು ತೆಗೆದು, ಮೇಲಿನ ಬಣ್ಣ ಕೆರೆದು, ಬಗ್ಗಿಸಿ ಸಿಕ್ಕಿಸಿದೆ. ಪೋರ್ಟಿಗೆ ಬಂದದ್ದನ್ನು ಪರದೆಯ ಮೇಲೆ ತೋರಿಸುವ ಹೈಪರ್ ಟರ್ಮಿನಲ್ ಎಂಬ ಪ್ರೋಗ್ರಾಂ ತೆರೆದು ನನ್ನ ಹೆಸರು ಒತ್ತಿದೆ. ಅಕ್ಷರಗಳು ಒಂದೊಂದಾಗಿ ಪರದೆಯ ಮೇಲೆ ಬಂದವು. ಪಿನ್ನು ತೆಗೆದು ಒತ್ತಿದೆ, ಏನೂ ಬರಲಿಲ್ಲ. ಮತ್ತೆ ಸಿಕ್ಕಿಸಿದೆ, ಬಂತು. ಆಯಾ ಹಿಂದಿನಿಂದ ನೋಡಿ, "ಏನ್ ಆಟ ಹಚ್ಚೀರಿ?" ಎಂದಳು. ನಾನು ಆರು ಸಲ ನನ್ನ ಹೆಸರು ಬರೆದಿದ್ದೆ.

ಆದರೂ ಮಷೀನಿನ ವೈರು ಹಚ್ಚಿದರೆ ಮೌನ. ಮೊದಲಿನ ವೈರು ಎಂದೋ ಕಳೆದು, ಯಾರೋ ಬೇರೊಂದನ್ನು ತಂದಿಟ್ಟಿದ್ದರು. ಅಷ್ಟರಲ್ಲಿ ನೂರರ ಕೆಳಗೆ ಇಳಿದಿದ್ದೆವು. ವೈರನ್ನು ಚೀಲಕ್ಕೆ ಹಾಕಿಕೊಂಡು, ಸಂಜೆ ಕಲಬುರಗಿಯ ರೋಜಾ ಬಡಾವಣೆಯಲ್ಲಿ ಇಳಿದು, ದರ್ಗಾದ ಹತ್ತಿರ ಮೈಕ್ ಸೆಟ್ಟು, ಮಿಕ್ಸರು ರಿಪೇರಿ ಮಾಡುವ ಹಿರಿಯರ ಅಂಗಡಿಗೆ ಹೋದೆ. ಅವರು ಮೀಟರಿನ ಕಡ್ಡಿ ಇಟ್ಟು ನೋಡಿದರು.

"ಆಪಾ, ಇದು ಸೀದಾ ತಾರ್ ಅದಾ. ಇದರ ಬಾಯಿ ಅದರ ಬಾಯಿಗಿ ಹಚ್ಯಾರ, ಕಿವಿ ಕಿವಿಗಿ ಹಚ್ಯಾರ. ಹಿಂಗಾದ್ರ ಯಾರಿಗಿ ಕೇಳ್ತದ? ಒಂದರ ಬಾಯಿ ಇನ್ನೊಂದರ ಕಿವಿಗಿ ಹೋಗಬೇಕು. ಉಲ್ಟಾ ಮಾಡಿ ಕೊಡ್ತೀನಿ, ಫಿಕರ್ ನಕ್ಕೋ. ನಾಳಿಗಿ ಬರ್ರಿ."

"ನಾಳಿ ಆಗಂಗಿಲ್ರೀ. ಈಗೇ ಬೇಕು."

"ಇಷ್ಟು ಅರ್ಜೆಂಟ್ ಯಾಕ?"

"ಒಬ್ಬಂದು ಬಾಯಿ ಮುಚ್ಚಸ್ಬೇಕಾಗ್ಯಾದ."

ಅವರು ಕನ್ನಡಕ ಮೇಲೇರಿಸಿ ನನ್ನನ್ನು ನೋಡಿದರು. "ಐಸಾ ಬೋಲೋ! ಹಂಗಿದ್ರ ಡಬಲ್ ಟಾಂಕಾ ಹಾಕ್ತೀನಿ. ಜಗ್ಗಿದ್ರೂ ಕಿತ್ತು ಬರಬಾರದು," ಎಂದು ಬೆಸುಗೆಯ ಕಡ್ಡಿ ಕಾಯಲು ಇಟ್ಟರು.

ಮರುದಿನ ವೈರು ಹಚ್ಚಿ, ಮಷೀನಿನಲ್ಲಿ 'ಎಲ್ಲವನ್ನೂ ಕಳಿಸು' ಒತ್ತಿದೆ. ಪರದೆ ತುಂಬ ಹುಳಹುಪ್ಪಟೆಗಳಂಥ ಗುರುತುಗಳು ಹರಿದವು. ಮಾತು ಬರುತ್ತಿದೆ, ತಿಳಿಯುತ್ತಿಲ್ಲ. ಒಬ್ಬರು ಮಾತಾಡುವ ವೇಗವೇ ಬೇರೆ, ಇನ್ನೊಬ್ಬರು ಕೇಳಿಸಿಕೊಳ್ಳುವ ವೇಗವೇ ಬೇರೆ. ಪುಸ್ತಕದಲ್ಲಿದ್ದ ವೇಗ ಕೂಡಲಿಲ್ಲ. ಯಾರೋ ಎಂದೋ ಮಷೀನಿನೊಳಗೆ ಬದಲಿಸಿರಬೇಕು. ಅಂದು ಮತ್ತೆ ಸಂತೆ. ಬಾಗಿಲಲ್ಲಿ ಜನ, ನಡುವೆ ಸಿಕ್ಕ ಐದೈದು ನಿಮಿಷದಲ್ಲಿ ಒಂದೊಂದು ವೇಗ. ಹೊರಗೆ ರಕ್ತ ತೆಗೆಯುವುದು, ಒಳಗೆ ಬಂದು ನೋಡುವುದು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚದೆ, ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ, ವೇಗವನ್ನು ನಾಲ್ಕು ಸಾವಿರದ ಎಂಟುನೂರಕ್ಕೆ ಇಟ್ಟೆ. ಒತ್ತಿದೆ.

ಅಂಕಿಗಳು ಬಂದವು. ತಾರೀಖು, ನಂಬರು, ಸಾಲು ಸಾಲು ಅಂಕಿಗಳು, ಹಳೆಯವರಿಂದ ಹೊಸಬರವರೆಗೆ. ಪಟ್ಟಿ ಶುರುವಾದದ್ದೇ ಆ ದಿನದ ಎರಡನೆಯ ನಂಬರಿನಿಂದ. ಒಂದನೆಯವರು ಆಗಲೇ ಹೋಗಿಬಿಟ್ಟಿದ್ದರು. ನಾಲ್ಕನೆಯದು ಮುದುಕ, ಏಳು ಪಾಯಿಂಟ್ ಎರಡು. ಐದನೆಯದು ಬಸುರಿ. ಹನ್ನೊಂದು ಪಾಯಿಂಟ್ ಎರಡು. ಇನ್ನು ನಾಲ್ಕು ಜನರ ರಕ್ತ ಹಾಕಿದ್ದರೆ ಅವಳೂ ಹೋಗುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಆರು ಜನ ಕೂತಿದ್ದರು.

ಆ ಹೊತ್ತಿಗೆ ನನಗೆ ಸಂತೋಷವಾಯಿತು ಎಂದರೆ ಸುಳ್ಳು. ಹಸಿವಾಯಿತು. ಪಟ್ಟಿಯನ್ನು ಕಡತಕ್ಕೆ ಉಳಿಸಿ, ಎರಡು ಪ್ರತಿ ಮುದ್ರಿಸಿ, ಆ ಆರು ಜನರ ರಕ್ತ ತೆಗೆದು, ಆಮೇಲೆ ಎರಡೂ ರೊಟ್ಟಿ ತಿಂದೆ.

ಮೇಡಂ ಮನೆಗೆ ಹೋಗಿ ಖಾಸಗಿಯಾಗಿ ತೋರಿಸಬಹುದಿತ್ತು. ಗಂಡನೂ ಅದನ್ನೇ ಹೇಳಿದರು. ನಾನು ಅರ್ಧ ದಿನ ರಜೆ ಹಾಕಿ, ಮುಖ್ಯ ಲ್ಯಾಬು ತುಂಬಿ ತುಳುಕುವ ಹನ್ನೊಂದು ಗಂಟೆಗೆ ಹೋದೆ. ಕೌಂಟರಿನ ಮೇಲೆ ಕಾಗದ ಹಾಸಿದೆ. ಎರಡೂ ಅಂಚಿಗೆ ತೂತುಗಳಿರುವ ಉದ್ದನೆಯ ಕಾಗದ, ಅವನ ಕೀಬೋರ್ಡನ್ನೂ ಮುಚ್ಚಿತು.

"ಇದೇನ್ರೀ ಅಕ್ಕೋರೆ, ಜಾತಕ ತಂದೀರಿ?"

"ಹೌದ್ರಿ, ನಿಮ್ದೇ. ಐದನೇ ನಂಬರ್ ಓದ್ರಿ. ಎಲ್ಲರಿಗೂ ಕೇಳೂಹಂಗ."

ಅವನು ಓದದೆ ಕಾಗದವನ್ನು ಕೀಬೋರ್ಡಿನ ಮೇಲಿನಿಂದ ಸರಿಸಿದ. ಮೇಡಂ ಒಳಗಿನಿಂದ ಬಂದರು. "ಒಳಗ ಬರ್ರಿ, ಮಾತಾಡೋಣ."

"ಇಲ್ಲೇ ಮಾತಾಡೋಣ್ರಿ ಮೇಡಂ. ಅವತ್ತೂ ಇಲ್ಲೇ ಮಾತಾಡೀವಿ."

ರಿಜಿಸ್ಟರನ್ನು ಪಕ್ಕಕ್ಕಿಟ್ಟೆ. "ಆಸ್ಪತ್ರೆದಾಗ ಬಂದದ್ದು ಹನ್ನೊಂದು. ನಾ ಆಮ್ಯಾಲೆ ಅದನ್ನ ಕೇಳಿ ತಿದ್ದಿದ್ರ ಬರೇ ಹನ್ನೊಂದಂತ ತಿದ್ದಬೇಕಾಗಿತ್ತು. ಮಷೀನ್ ಹೊಟ್ಟ್ಯಾಗ ಹನ್ನೊಂದು ಪಾಯಿಂಟ್ ಎರಡು ಅದಾ, ರಿಜಿಸ್ಟರ್‌ದಾಗೂ ಅಷ್ಟೇ ಅದಾ. ಆ ಹೊಟ್ಟಿಯೊಳಗ ಏನದಾ ಅಂತ ನಿನ್ನೀ ತನಕ ನನಗೂ ಕಂಡಿಲ್ಲ. ಅಂದಮ್ಯಾಲೆ ಅವತ್ತೇ ಬರೆದದ್ದು. ಚೀಟಿ ಅದರ ಕಾರ್ಬನ್. ಕಾರ್ಬನ್ ಬ್ಯಾರೆ ಹ್ಯಾಂಗ ಬರೀತದ್ರಿ?"

ಮೇಡಂ ವರದಿಯನ್ನೂ ಕಾಗದವನ್ನೂ ಬಹಳ ಹೊತ್ತು ನೋಡಿದರು. ಮುದುಕನ ಮೂರು ಸಾಲಿಗೆ ಬೆರಳು ಇಟ್ಟರು. ಆಮೇಲೆ ಅವನಿಗೆ, "ಒಂದು ಹೊಸಾ ರಿಪೋರ್ಟ್ ಮಾಡಿ ತೋರ್ಸು, ನನ್ನ ಮುಂದ," ಎಂದರು.

ಅವನ ಕೈ ರೂಢಿಯಂತೆ ಹೋಯಿತು. ಬೆಳಿಗ್ಗೆ ಮುಗಿಸಿದ್ದ ಯಾರದೋ ವರದಿ ತೆರೆದ, ಹೆಸರು ಅಳಿಸಿದ. ಅಲ್ಲಿಗೆ ಅವನಿಗೇ ತಿಳಿಯಿತು. ಬೆರಳು ಕೀಲಿಯ ಮೇಲೆ ನಿಂತಿತು.

"ಸಿಸ್ಟಂ ಮಿಸ್ಟೇಕ್ ಆಗಿರ್ಬೇಕ್ರಿ," ಎಂದ.

"ಭಾಳ ಶಾಣ್ಯಾ ಸಿಸ್ಟಂ ಅದಾ," ಎಂದೆ. ಸಾಲಿನಲ್ಲಿದ್ದ ಒಬ್ಬ ಅಜ್ಜ ನಕ್ಕ. ಒಬ್ಬನೇ ನಕ್ಕದ್ದು ನನಗೆ ಕಡಿಮೆ ಅನಿಸಿತು.

ನನ್ನ ಸಹಿ ಅಂದೇ ಮರಳಿ ಬಂತು. ಸಾಕಾಗಲಿಲ್ಲ. ಇನ್ನು ಮೇಲೆ ಕಮಲಾಪುರದ ವರದಿ ಕಮಲಾಪುರದಲ್ಲೇ, ವೈರಿನಿಂದ ಬಂದ ಅಂಕಿ ಬಂದ ಹಾಗೇ ಮುದ್ರಣವಾಗಬೇಕು, ನಾನು ಓದಿ ನೋಡಿಯೇ ಸಹಿ ಹಾಕುತ್ತೇನೆ, ಖಾಲಿ ಹಾಳೆಗೆ ಹಾಕುವುದಿಲ್ಲ, ನಮ್ಮೂರಿನ ಒಂದು ಅಂಕಿಯನ್ನೂ ಅವನ ಬೆರಳು ಮುಟ್ಟಬಾರದು ಎಂದೆ. ಮೇಡಂ ಒಪ್ಪಿದರು. ಇನ್ನೊಂದು ಕೇಳಿದೆ: ಅವನು ಆ ಬಸುರಿಯ ಮನೆಗೆ ತಾನೇ ಹೋಗಿ, ತಪ್ಪು ಯಾರದೆಂದು ಬಾಯಿಂದ ಹೇಳಬೇಕು. ಮೇಡಂ ಅದಕ್ಕೂ ತಲೆಯಾಡಿಸಿದರು. ಅವನಿಗೆ ಮನೆ ಗೊತ್ತಿರಲಿಲ್ಲ. ತೋರಿಸಲು ನಾನೇ ಹೋಗಬೇಕಾಯಿತು. ಹೋದೆ.

ಅತ್ತೆ ಪಡಸಾಲೆಯಲ್ಲಿ ಕಂಬಳಿ ಹಾಸಿದಳು. "ಕೂಡ್ರಿ ಅಕ್ಕೋರೆ. ನೀ ನಿಂದ್ರು," ಎಂದಳು ಅವನಿಗೆ. ಅವನು ನಿಂತೇ ಹೇಳಿದ. ಕೇಳಿ ಮುಗಿಸಿ ಅವಳು ಸೊಂಟದ ಮೇಲೆ ಕೈ ಇಟ್ಟಳು.

"ಅಂದ್ರ ಯಾವನೋ ಮುದುಕನ ನೆತ್ತರ ತಂದು ನನ್ನ ಸೊಸಿ ಮೈಯಾಗ ಹಾಕ್ದಿ?"

"ಹಾಕಿಲ್ರಿ ಅವ್ವಾ, ಬರೀ ಟೈಪ್ ಮಾಡೀನಿ."

"ಬರೀ! ಬರೀ ಅ‍ಂತಾನ ನೋಡ್ರಿ! ನನ್ನ ಇಬ್ಬರು ಮಕ್ಕಳು ತೋಳು ಚಾಚಿ ನಿಂತಿದ್ರಲ್ಲೋ, ಅವರಿಗೂ ಬರೀ ಟೈಪ್ ಮಾಡ್ತಿದ್ದೇನು?"

ಸೊಸೆ ಬಾಗಿಲ ಸಂದಿನಲ್ಲಿ ನಗುತ್ತ ನಿಂತಿದ್ದಳು, ದಿನ ತುಂಬುತ್ತ ಬಂದಿದ್ದವು. ನನಗೆ ಎರಡು ಕೆಂಪು ಬಾಳೆಹಣ್ಣು ತಂದು ಕೊಟ್ಟಳು. ಅತ್ತೆ ನನ್ನ ಕಡೆ ತಿರುಗಿ, "ಅವತ್ತು ನಿಮಗ ಅಂದದ್ದು ಭಾಳ ಆಯ್ತು," ಎಂದಳು.

"ಇವರಿಗಿ ಇನ್ನಾ ಕಡಿಮಿ ಆಗ್ಯಾದ," ಎಂದೆ. ಅವಳು ಮತ್ತೆ ಶುರುಮಾಡಿದಳು. ತೊಗರಿ ರಾಶಿಯಿಂದ ಹಿಡಿದು ಹಚ್ಚದ ಒಲೆಯವರೆಗೆ ಒಂದನ್ನೂ ಬಿಡಲಿಲ್ಲ. ನಾನು ಹಣ್ಣು ಸುಲಿದು ನಿಧಾನವಾಗಿ ತಿಂದೆ. ಚಹಾ ಬಂತು, ಅವನಿಗೂ ಕೊಟ್ಟರು, ನಿಂತೇ ಕುಡಿದ. ನಡುವೆ, ಮೂರೂವರೆಯ ಹೊತ್ತಿಗೆ, ಗಡಿಯಾರ ನೋಡಿ, ಅವಳಿಗೆ ಕೇಳಿಸದಂತೆ ಬಗ್ಗಿ ನನ್ನನ್ನು ಕೇಳಿದ:

"ಕಲಬುರಗಿಗಿ ಬಸ್ ಯಾವಾಗ ಅದಾ ಅಕ್ಕೋರೆ?"

"ಐದೂವರಿಗಿ," ಎಂದೆ.

ನಾಲ್ಕಕ್ಕೂ ಒಂದು ಬಸ್ ಇತ್ತು.